ದೀಕ್ಷಾಸ್ನಾನಕ್ಕೆ ಮೊದಲಿನ ದಿನಗಳು: ಮಿಷನರಿಯಾಗಿ ನನ್ನ ಅನುಭವ

2018ರ ಮಧ್ಯದಿಂದ 2019ರ ಕೊನೆಯವರೆಗೆ ನಾನು ಬೆಂಗಳೂರು ಮಿಷನ್‌ನಲ್ಲಿ ಮಿಷನರಿಯಾಗಿದ್ದೆ. ನಮ್ಮ ಸಭೆಯಲ್ಲಿ ಆಗ ಹೆಣ್ಣುಮಕ್ಕಳ ಸೇವೆಗೆ 18 ತಿಂಗಳು, ಗಂಡುಮಕ್ಕಳದಕ್ಕೆ 24 ತಿಂಗಳು. ಸಂಬಳ ಇಲ್ಲ. ಒಬ್ಬರೇ ಓಡಾಡುವ ಹಾಗಿಲ್ಲ, ಯಾವಾಗಲೂ ಜೊತೆಗೊಬ್ಬರು ಇರಬೇಕು. ನನ್ನ ಜೊತೆಗಾರ್ತಿ ಆಂಧ್ರದವಳು. ತೆಲುಗು, ಇಂಗ್ಲಿಷ್ ಬರುತ್ತಿತ್ತು, ಕನ್ನಡ ನನ್ನ ಪಾಲಿಗೆ. ಜನ ನಮ್ಮನ್ನು ಮೋರ್ಮನ್ ಎನ್ನುತ್ತಾರೆ. ಆಗ ನಮ್ಮ ಪ್ರವಾದಿಯಾಗಿದ್ದ ರಸೆಲ್ ನೆಲ್ಸನ್ 2018ರ ಆಗಸ್ಟ್‌ನಲ್ಲಿ ಸಭೆಯನ್ನು ಪೂರ್ತಿ ಹೆಸರಿನಿಂದಲೇ ಕರೆಯಿರಿ ಎಂದು ಕೇಳಿಕೊಂಡ ಮೇಲೆ ನಾವು ಆ ಅಡ್ಡಹೆಸರು ಬಿಟ್ಟೆವು. ಕಡೇ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ ಎಂದು ಹೇಳಿಯೇ ಪರಿಚಯ ಮಾಡಿಕೊಳ್ಳುತ್ತಿದ್ದೆವು.

ಮಿಷನರಿ ಅಂದರೆ ಮನೆಮನೆ ಬಾಗಿಲು ತಟ್ಟುವವರು ಎಂಬ ಕಲ್ಪನೆ ಹಲವರಿಗಿದೆ. ನನ್ನ ಮಟ್ಟಿಗೆ ಹಾಗಾಗಲಿಲ್ಲ. ನಾನು ಕಲಿಸಿದವರಲ್ಲಿ ಬಹುತೇಕರು ಸದಸ್ಯರ ನೆಂಟರು, ಪಕ್ಕದ ಮನೆಯವರು, ಜೊತೆಯಲ್ಲಿ ಕೆಲಸ ಮಾಡುವವರು. ಅವರೇ ಕೇಳಿ ಬಂದವರು. ಕೆಲವರು ಬಾಡಿಗೆ ಕಟ್ಟಲು, ಮಕ್ಕಳ ಫೀಸಿಗೆ ಏನಾದರೂ ಸಹಾಯ ಸಿಗುತ್ತದೆಯೇ ಎಂದು ಕೇಳುತ್ತಿದ್ದರು. ಮೊದಲ ಭೇಟಿಯಲ್ಲೇ ಇಲ್ಲ ಎಂದು ಬಿಡಿಸಿ ಹೇಳುತ್ತಿದ್ದೆ. ಆಸೆ ತೋರಿಸಿ ಒಬ್ಬರನ್ನು ದೀಕ್ಷಾಸ್ನಾನದ ನೀರಿಗೆ ಇಳಿಸುವುದು ದೇವರ ಮುಂದೆ ತಪ್ಪು, ಆ ಮನುಷ್ಯರಿಗೂ ಅವಮಾನ. ಇಲ್ಲ ಎಂದಮೇಲೆ ಕೆಲವರು ಬರಲಿಲ್ಲ. ಬಂದವರ ಜೊತೆ ಕೆಲಸ ಶುರುವಾಗುತ್ತಿತ್ತು.

ಪಾಠಗಳು ಮುಗಿದರೆ ತಯಾರಿ ಮುಗಿಯಿತು ಎಂದು ನಾನು ಯಾವತ್ತೂ ಒಪ್ಪಿದವಳಲ್ಲ. ದೀಕ್ಷಾಸ್ನಾನ ದೇವರ ಜೊತೆ ಮಾಡಿಕೊಳ್ಳುವ ಒಂದು ಒಡಂಬಡಿಕೆ. ನೀರಿನಿಂದ ಎದ್ದ ಮೇಲೆ ಬಾಳಬೇಕಾದ ಬಾಳನ್ನು ನೀರಿಗಿಳಿಯುವ ಮೊದಲೇ ಸ್ವಲ್ಪ ದಿನ ಬಾಳಿ ನೋಡಿರಬೇಕು. ಮಾತು ಕೊಡುವಾಗ ಏನು ಕೊಡುತ್ತಿದ್ದೇನೆ ಎಂದು ಅವರಿಗೆ ಗೊತ್ತಿರಬೇಕು. ನಾನು ಮಾಡಿದ್ದೆಲ್ಲ ಈ ಒಂದು ಲೆಕ್ಕದ ಮೇಲೆ.

ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಒಬ್ಬ ಅಕ್ಕನ ವಿಷಯ ಹೇಳುತ್ತೇನೆ. ಅವರ ಸಾಲಿನಲ್ಲೇ ಕೂರುತ್ತಿದ್ದ ನಮ್ಮ ಸಭೆಯ ಸಹೋದರಿಯೊಬ್ಬರು ಕರೆದುಕೊಂಡು ಬಂದಿದ್ದರು. ಹುಟ್ಟಿನಿಂದ ಕ್ರೈಸ್ತರು, ಬೈಬಲ್ ಚೆನ್ನಾಗಿ ಗೊತ್ತಿತ್ತು. ಪ್ರಾರ್ಥನೆ ಮಾಡಿ ಅಕ್ಕ ಅಂದರೆ ಎದ್ದು ನಿಂತು, ಗಂಟಲು ಏರಿಸಿ, ಪಾದ್ರಿಗಳು ಮಾಡುವ ಹಾಗೇ ಮಾಡುತ್ತಿದ್ದರು. ಒಂದು ಮಾತೂ ಅವರದಲ್ಲ. ನಿಮ್ಮಪ್ಪನ ಹತ್ತಿರ ಹೇಗೆ ಮಾತಾಡುತ್ತಿದ್ದಿರೋ ಹಾಗೇ ಮಾತಾಡಿ, ಸಾಕು ಎಂದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, “ಅಪ್ಪಾ, ಓನರ್ ಬಾಡಿಗೆ ಜಾಸ್ತಿ ಮಾಡ್ತೀನಿ ಅಂತವ್ರೆ, ನಂಗೆ ಭಯ ಆಗ್ತಿದೆ” ಎಂದು ಶುರು ಮಾಡಿದರು. ನನ್ನ ಜೊತೆಗಾರ್ತಿಗೆ ಕನ್ನಡ ಅರ್ಥವಾಗದಿದ್ದರೂ ಕಣ್ಣಲ್ಲಿ ನೀರು ಬಂತು. ಅವತ್ತು ಬೇರೆ ಪಾಠ ಮಾಡಲಿಲ್ಲ. ಯಾರಿಗೇ ಕಲಿಸಲಿ, ಮೊದಲು ಇದೇ ಆಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಸಭೆಯನ್ನು ಸ್ಥಾಪಿಸಿದ ಜೋಸೆಫ್ ಸ್ಮಿತ್ ಪ್ರವಾದಿಯೇ, ಬೈಬಲ್ ಜೊತೆಗೆ ನಾವು ಪವಿತ್ರವೆಂದು ಓದುವ ಮೋರ್ಮನ್ ಗ್ರಂಥ ನಿಜವೇ ಎಂಬುದಕ್ಕೆ ನನ್ನ ಸಾಕ್ಷಿ ಸಾಲದು. ಅವರೇ ದೇವರನ್ನು ಕೇಳಬೇಕು, ಕೇಳಲು ಬಾಯಿ ಬರಬೇಕು.

ಆ ಅಕ್ಕನ ದೊಡ್ಡ ಪ್ರಶ್ನೆ, ದಕ್ಷಿಣ ಭಾರತದ ಕ್ರೈಸ್ತ ಮನೆಗಳಲ್ಲಿ ನಮಗೆ ಮತ್ತೆ ಮತ್ತೆ ಎದುರಾಗುತ್ತಿದ್ದ ಪ್ರಶ್ನೆಯೇ: “ಸಿಸ್ಟರ್, ನಾನು ಮಗು ಇದ್ದಾಗ್ಲೇ ದೀಕ್ಷಾಸ್ನಾನ ಆಗಿದೆಯಲ್ಲ. ನಮ್ಮಮ್ಮ ಮಾಡ್ಸಿದ್ದು ಸುಳ್ಳಾ ಹಂಗಾರೆ?”

ಅಮ್ಮನನ್ನು ಸುಳ್ಳು ಮಾಡಿ ಮಗಳಿಗೆ ಸುವಾರ್ತೆ ಹೇಳಲಾಗುವುದಿಲ್ಲ. ನಿಮ್ಮಮ್ಮ ನಿಮ್ಮನ್ನು ದೇವರ ಕೈಗೆ ಒಪ್ಪಿಸಿದ್ದಕ್ಕೇ ಇವತ್ತು ನೀವು ಇಲ್ಲಿ ಕೂತು ಕೇಳುತ್ತಿದ್ದೀರಿ ಎಂದೆ. ಅದು ನನ್ನ ನಂಬಿಕೆಯೂ ಹೌದು. ಆಮೇಲೆ ಅಧಿಕಾರದ ವಿಷಯಕ್ಕೆ ಬಂದೆ. 1829ರ ಮೇ 15ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಸಸ್ಕ್ವೆಹಾನಾ ನದಿಯ ಹತ್ತಿರ, ಸ್ನಾನಿಕನಾದ ಯೋಹಾನನು ಪರಲೋಕದಿಂದ ಬಂದು ಜೋಸೆಫ್ ಸ್ಮಿತ್ ಮತ್ತು ಅವರ ಜೊತೆಗಾರ ಆಲಿವರ್ ಕೌಡರಿ ಅವರಿಗೆ ಯಾಜಕತ್ವದ, ಅಂದರೆ ದೇವರ ಹೆಸರಿನಲ್ಲಿ ಇಂಥ ವಿಧಿ ನಡೆಸುವ ಅಧಿಕಾರ ಕೊಟ್ಟನು. ಅವರಿಬ್ಬರೂ ಅದೇ ನದಿಯಲ್ಲಿ ಒಬ್ಬರಿಗೊಬ್ಬರು ದೀಕ್ಷಾಸ್ನಾನ ಮಾಡಿಸಿದರು. ಆ ಅಧಿಕಾರದಿಂದ ಆಗಬೇಕು, ಪೂರ್ತಿ ಮುಳುಗಿಸಿ ಆಗಬೇಕು, ತಾನೇ ಒಪ್ಪುವ ವಯಸ್ಸಿನಲ್ಲಿ ಆಗಬೇಕು ಎಂದು ನಾವು ನಂಬುತ್ತೇವೆ. 8 ವರ್ಷ ತುಂಬದ ಮಕ್ಕಳಿಗೆ ಮಾಡಿಸುವುದಿಲ್ಲ, ಕೂಸಿಗೆ ಪಾಪವಿಲ್ಲ. ಈ ಕೊನೆಯ ಮಾತು ಅಕ್ಕನಿಗೆ ಹಿಡಿಸಿತು. ಹುಟ್ಟಿ ಎರಡೇ ದಿನಕ್ಕೆ ತೀರಿಕೊಂಡ ಒಂದು ಮಗು ಅವರಿಗಿತ್ತು ಎಂದು ಆಗ ಹೇಳಿದರು. ನಾನು ಮುಂದೆ ವಾದಿಸಲಿಲ್ಲ.

ಇನ್ನು ಕಾಫಿ. ಜೋಸೆಫ್ ಸ್ಮಿತ್ ಅವರಿಗೆ 1833ರಲ್ಲಿ ದೇವರಿಂದ ಬಂದ ಪ್ರಕಟಣೆಯ ಪ್ರಕಾರ ನಾವು ಮದ್ಯ, ತಂಬಾಕು, ಟೀ, ಕಾಫಿ ಮುಟ್ಟುವುದಿಲ್ಲ. ಕುಡಿತ ಬಿಡಿ ಎಂದರೆ ಯಾರಿಗೂ ಆಶ್ಚರ್ಯವಿಲ್ಲ. ಕಾಫಿ ಬಿಡಿ ಎಂದರೆ ಕನ್ನಡದ ಮನೆಗಳಲ್ಲಿ ಮುಖ ಮುಖ ನೋಡಿಕೊಳ್ಳುತ್ತಾರೆ. ಚಿಕ್ಕಮಗಳೂರು ಕಡೆಯ ಒಬ್ಬ ಆಂಟಿ ಇದ್ದರು. ರಾತ್ರಿಯೇ ಫಿಲ್ಟರ್‌ಗೆ ಪುಡಿ ಹಾಕಿ ಬಿಸಿನೀರು ಸುರಿದು ಮಲಗುವವರು. ಬೆಳಗ್ಗೆ ಐದಕ್ಕೆ ಡಿಕಾಕ್ಷನ್ ಇಳಿದಿರಬೇಕು. ಪಾಠ ಕೇಳಿದ ದಿನವೇ ಬಿಟ್ಟುಬಿಡುತ್ತೇನೆ ಎಂದರು. ನಾಲ್ಕು ದಿನ ತಲೆನೋವು ಬರುತ್ತದೆ, ಅದಕ್ಕೆ ಹೆದರಬೇಡಿ ಎಂದು ಮೊದಲೇ ಹೇಳಿದ್ದೆ. ಬಂತು. ಆ ದಿನಗಳಲ್ಲಿ ಬೆಳಗ್ಗೆ ನಾವಿಬ್ಬರೂ ಫೋನ್ ಮಾಡುತ್ತಿದ್ದೆವು, ಫೋನಿನಲ್ಲೇ ಜೊತೆಗೆ ಪ್ರಾರ್ಥಿಸುತ್ತಿದ್ದೆವು. ಜೀರಿಗೆ ಕೊತ್ತಂಬರಿ ಹುರಿದು ಪುಡಿ ಮಾಡಿದ ಕಷಾಯ, ಬೆಲ್ಲ ಹಾಲು ಹಾಕಿ ಅದೇ ಸ್ಟೀಲ್ ಲೋಟದಲ್ಲಿ ಅದೇ ಹೊತ್ತಿಗೆ ಕುಡಿಯಿರಿ ಎಂದು ನಮ್ಮ ಸಭೆಯ ಅಜ್ಜಿಯೊಬ್ಬರು ಹೇಳಿಕೊಟ್ಟರು. ಕೈಗೆ ಲೋಟ ಬೇಕು, ಬಾಯಿಗೆ ಬಿಸಿ ಬೇಕು. ಅರ್ಧ ಚಟ ಅಲ್ಲೇ ಇರುತ್ತದೆ. ಯಜಮಾನರಿಗೆ ನಾನೇ ಕಾಫಿ ಮಾಡಿಕೊಡಬೇಕಲ್ಲ, ಅದೂ ತಪ್ಪಾ ಎಂದು ಕೇಳಿದರು. ತಪ್ಪಲ್ಲ. ಮಾತು ಕೊಟ್ಟವರು ನೀವು, ಅವರಲ್ಲ. ಆಂಟಿ ದಿನಾ ಡಿಕಾಕ್ಷನ್ ಇಳಿಸಿ, ವಾಸನೆ ಹಿಡಿದುಕೊಂಡೇ ಕಾಫಿ ಬೆರೆಸಿ ಕೊಟ್ಟು, ತಾವು ಕಷಾಯ ಕುಡಿಯುತ್ತಿದ್ದರು. ಆ ಯಜಮಾನರ ಒಪ್ಪಿಗೆ ಇಲ್ಲದೆ ನಾವು ಮುಂದುವರಿಯುವಂತೆಯೇ ಇರಲಿಲ್ಲ. ಮದುವೆಯಾದವರಿಗೆ ಸಂಗಾತಿಯ ಒಪ್ಪಿಗೆ ಬೇಕು ಎಂಬುದು ಸಭೆಯ ನಿಯಮ. ಹೆಂಡತಿಯ ಹಟ ನೋಡಿ ಅವರು ಒಪ್ಪಿದರು. ಕೊನೆಗೆ ಸ್ನಾನದ ದಿನ ಮೊದಲ ಸಾಲಿನಲ್ಲಿ ಕೂತಿದ್ದರು.

ದಶಮಾಂಶದ, ಅಂದರೆ ದುಡಿಮೆಯ ಹತ್ತನೇ ಒಂದು ಭಾಗವನ್ನು ಸಭೆಗೆ ಕೊಡುವ ಪಾಠ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಬಡವರು ಬೇಗ ಒಪ್ಪುತ್ತಾರೆ. ಗಾರ್ಮೆಂಟ್ಸ್ ಅಕ್ಕನಿಗೆ ಕಷ್ಟವಾಗಿದ್ದು ಭಾನುವಾರ. ಆರ್ಡರ್ ಜಾಸ್ತಿ ಇದ್ದರೆ ಭಾನುವಾರವೂ ಓವರ್‌ಟೈಮ್. ದೀಕ್ಷಾಸ್ನಾನಕ್ಕೆ ಮೊದಲು ಭಾನುವಾರದ ಆರಾಧನೆಗೆ ಬಂದು ರೂಢಿಯಾಗಿರಬೇಕು; ಬ್ರೆಡ್ಡು, ನೀರು ಹಂಚುವ ಆ ಸಭೆಯಲ್ಲೇ ಒಡಂಬಡಿಕೆ ವಾರವಾರ ಹೊಸದಾಗುವುದು. ಓವರ್‌ಟೈಮ್ ಬಿಡಿ ಎನ್ನುವುದು ನನಗೆ ಸುಲಭ, ಆ ಕಾಸು ಕಳೆದುಕೊಳ್ಳುವವರು ಅವರು. ಅದಕ್ಕೇ ನಾನು ಅಪ್ಪಣೆ ಕೊಡುವ ಧಾಟಿಯಲ್ಲಿ ಮಾತಾಡಲಿಲ್ಲ. ಸೂಪರ್‌ವೈಸರ್ ಹತ್ತಿರ ಏನು ಹೇಳಬಹುದು ಎಂದು ಅವರ ಜೊತೆ ಕೂತು ಯೋಚಿಸಿದೆವು. ಕೆಲಸದ ದಿನಗಳಲ್ಲಿ ಸಂಜೆ ಹೆಚ್ಚು ಹೊತ್ತು ಕೂರುತ್ತೇನೆ, ಭಾನುವಾರ ಬಿಡಿ ಎಂದು ಕೇಳಿದರು. ಸಾಲಿನಲ್ಲಿದ್ದ ನಮ್ಮ ಸಹೋದರಿಯೂ ಅದನ್ನೇ ಮೊದಲೇ ಕೇಳಿ ಪಡೆದಿದ್ದರಿಂದ ದಾರಿ ಸಲೀಸಾಯಿತು. ಹೊಸಬರಿಗೆ ಮಿಷನರಿಗಿಂತ ಇಂಥ ಒಬ್ಬ ಸದಸ್ಯೆ ಮುಖ್ಯ. ನಾವು ವರ್ಗವಾಗಿ ಹೋಗುವವರು.

ದೀಕ್ಷಾಸ್ನಾನಕ್ಕೆ ಮೊದಲು ಒಂದು ಸಂದರ್ಶನ ಇರುತ್ತದೆ, ಅದೆಂದರೆ ಜನ ನಡುಗುತ್ತಾರೆ. ಕಲಿಸಿದವರು ಸಂದರ್ಶನ ಮಾಡುವುದಿಲ್ಲ. ಬೇರೊಬ್ಬ ಮಿಷನರಿ, ಸಾಮಾನ್ಯವಾಗಿ ಕೆಲವು ಮಿಷನರಿಗಳ ಮುಂದಾಳಾದ ಡಿಸ್ಟ್ರಿಕ್ಟ್ ಲೀಡರ್, ಒಬ್ಬೊಬ್ಬರ ಜೊತೆ ಮಾತಾಡುತ್ತಾರೆ. ನಂಬಿಕೆ, ಪಶ್ಚಾತ್ತಾಪ, ಪರಿಶುದ್ಧ ನಡತೆ, ದಶಮಾಂಶ ಎಲ್ಲ ಕೇಳುತ್ತಾರೆ. ಗಂಭೀರ ಅಪರಾಧ ಮಾಡಿದ್ದೀರಾ, ಗರ್ಭಪಾತದಲ್ಲಿ ಭಾಗಿಯಾಗಿದ್ದೀರಾ ಎಂಬ ಪ್ರಶ್ನೆಯೂ ಇದೆ. ಇಪ್ಪತ್ತರ ಹುಡುಗನೊಬ್ಬ ತಾಯಿಯ ವಯಸ್ಸಿನವರನ್ನು ಇದ್ದಕ್ಕಿದ್ದಂತೆ ಇದನ್ನು ಕೇಳಿದರೆ ಹೇಗಿರುತ್ತದೆ ಯೋಚಿಸಿ. ಆದ್ದರಿಂದ ಒಂದು ವಾರ ಮೊದಲೇ ಎಲ್ಲ ಪ್ರಶ್ನೆಗಳನ್ನೂ ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಉತ್ತರ ನನಗೆ ಹೇಳಬೇಡಿ ಎಂದೂ ಸೇರಿಸುತ್ತಿದ್ದೆ. ಹೌದು ಎನ್ನುವಂಥದ್ದಿದ್ದರೆ ವಿವರ ಹೇಳಬೇಕಾದದ್ದು ಮಿಷನ್ ಅಧ್ಯಕ್ಷರ ಮುಂದೆ ಮಾತ್ರ, ಅದರಿಂದ ಬಾಗಿಲು ಮುಚ್ಚಿಹೋಗುವುದಿಲ್ಲ ಎಂದು ಧೈರ್ಯ ಕೊಡುತ್ತಿದ್ದೆ. ಒಬ್ಬ ಹೆಣ್ಣುಮಗಳು ಅದನ್ನು ಕೇಳಿ ನನ್ನ ಕೈ ಹಿಡಿದು ಕೂತಳು. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳ ದಿನ ಮುಂದೆ ಹೋಯಿತು, ಆದರೆ ಬಂತು.

ದಿನ ಮುಂದೆ ಹೋಗುವುದಕ್ಕೆ ನಾನು ಹೆದರುತ್ತಿರಲಿಲ್ಲ. ನರ್ಸಿಂಗ್ ಓದುತ್ತಿದ್ದ ಒಬ್ಬಳಿಗೆ ಹದಿನೆಂಟು ದಾಟಿತ್ತು, ಸಭೆಯ ನಿಯಮದಂತೆ ತಂದೆತಾಯಿಯ ಸಹಿ ಬೇಕಿರಲಿಲ್ಲ. ಈ ಶನಿವಾರವೇ ಮಾಡಿಸಿಬಿಡಿ, ಮನೆಗೆ ಆಮೇಲೆ ಹೇಳುತ್ತೇನೆ ಎಂದಳು. ನಾನು ಒಪ್ಪಲಿಲ್ಲ. ಗುಟ್ಟಾಗಿ ಆದದ್ದನ್ನು ಆಮೇಲೆ ಗುಟ್ಟಾಗಿಯೇ ಕಾಯಬೇಕಾಗುತ್ತದೆ. ಭಾನುವಾರ ಎಲ್ಲಿಗೆ ಹೋಗಿದ್ದೆ ಎಂದರೆ ಸುಳ್ಳು ಹೇಳಬೇಕಾಗುತ್ತದೆ. ರಜೆಗೆ ಊರಿಗೆ ಹೋಗಿ ಅಮ್ಮನಿಗೆ ಹೇಳಿದಳು. ಮನೆಯಲ್ಲಿ ಅಳು, ಜಗಳ ಎಲ್ಲ ಆಯಿತು. ಓದು ಮುಗಿಯುವವರೆಗೆ ಬೇಡ ಎಂದು ಅಪ್ಪ ಹೇಳಿದರು, ಅವಳು ಅಪ್ಪನ ಮಾತಿಗೆ ಬೆಲೆ ಕೊಟ್ಟಳು. ನಾನು ಸೇವೆ ಮುಗಿಸಿ ಮನೆಗೆ ಬರುವಾಗ ಅವಳ ದೀಕ್ಷಾಸ್ನಾನ ಆಗಿರಲಿಲ್ಲ. ಭಾನುವಾರ ತಪ್ಪದೆ ಬರುತ್ತಿದ್ದಳು.

ಸ್ನಾನದ ದಿನದ ಕೆಲಸಗಳೂ ತಯಾರಿಯೇ. ತೊಟ್ಟಿ ತುಂಬಲು ಗಂಟೆಗಟ್ಟಲೆ ಬೇಕು; ಮಧ್ಯೆ ಕರೆಂಟ್ ಹೋದರೆ ಮೋಟರ್ ನಿಲ್ಲುತ್ತದೆ, ಅದಕ್ಕೆ ಬೆಳಗ್ಗೆಯೇ ನಲ್ಲಿ ಬಿಡಬೇಕು. ಬಿಳಿ ಬಟ್ಟೆಯ ಅಳತೆ ಮೊದಲೇ ನೋಡಬೇಕು. ಒಳಗೆ ತಿಳಿ ಬಣ್ಣದ ಬಟ್ಟೆಯೇ ಹಾಕಬೇಕು, ಒದ್ದೆಯಾದಾಗ ಕಾಣಬಾರದು. ಜಡೆಯನ್ನು ಗಂಟು ಕಟ್ಟಿ ರಬ್ಬರ್ ಬ್ಯಾಂಡ್ ಹಾಕಬೇಕು. ಮೈಯಾಗಲಿ ಬಟ್ಟೆಯಾಗಲಿ ಪೂರ್ತಿ ಮುಳುಗದೆ ಸ್ವಲ್ಪ ಮೇಲುಳಿದರೂ ಮತ್ತೆ ಮಾಡಿಸಬೇಕು. ಎದುರಿಗೆ ಇಬ್ಬರು ಸಾಕ್ಷಿಗಳು ನಿಂತು ಅದನ್ನೇ ನೋಡುತ್ತಾರೆ. ಈಜು ಬರದ, ನೀರು ಕಂಡರೆ ಹೆದರುವ ಹೆಂಗಸರಿಗೆ ಒಣನೆಲದಲ್ಲೇ ಅಭ್ಯಾಸ ಮಾಡಿಸುತ್ತಿದ್ದೆ. ಎಡಗೈಯಿಂದ ಮಾಡಿಸುವವರ ಮುಂಗೈ ಹಿಡಿಯಿರಿ, ಆಮೆನ್ ಆದಮೇಲೆ ಬಲಗೈಯಿಂದ ಮೂಗು ಹಿಡಿಯಿರಿ, ಮಂಡಿ ಮಡಿಸಿ, ಬೆನ್ನ ಹಿಂದಿನ ಕೈಯನ್ನು ನಂಬಿ ಒರಗಿ. ಮಂಡಿ ಮಡಿಸದಿದ್ದರೆ ಪಾದ ಮೇಲೆ ತೇಲಿಬರುತ್ತದೆ.

ಹೆಸರಿನ ತೊಡಕೂ ಇರುತ್ತದೆ. ಪ್ರಾರ್ಥನೆಯ ಮಾತುಗಳು ಗೊತ್ತುಪಡಿಸಿದ ಮಾತುಗಳು, ಅಕ್ಷರ ತಪ್ಪುವಂತಿಲ್ಲ, ಮೊದಲಿಗೆ ಪೂರ್ತಿ ಹೆಸರು ಕರೆಯಬೇಕು. ನಮ್ಮವರ ಹೆಸರಿನ ಮುಂದೆ ಬರೀ ಇನಿಷಿಯಲ್ಲು. ಊರಿನ ಹೆಸರೋ, ಅಪ್ಪನ ಹೆಸರೋ, ಬಿಡಿಸಿ ಹೇಳಬೇಕೋ ಬೇಡವೋ ಎಂದು ಮೊದಲೇ ಅವರನ್ನು ಕೇಳಿ, ಚೀಟಿಯಲ್ಲಿ ಬರೆದು ಮಾಡಿಸುವ ಸಹೋದರನ ಕೈಗೆ ಕೊಡುತ್ತಿದ್ದೆ.

ಸಹೋದರಿಯರಿಗೆ ಯಾಜಕತ್ವವಿಲ್ಲ, ನೀರಿನಲ್ಲಿ ನಿಂತು ಮಾಡಿಸುವವರು ಸಹೋದರರು. ಟವೆಲ್ ಹಿಡಿದು ಮೆಟ್ಟಿಲ ಹತ್ತಿರ ನಿಲ್ಲುವುದು ನನ್ನ ಜಾಗವಾಗಿತ್ತು. 2019ರ ಅಕ್ಟೋಬರ್‌ನಲ್ಲಿ ದೀಕ್ಷಾಸ್ನಾನಕ್ಕೆ ಹೆಂಗಸರೂ ಸಾಕ್ಷಿಗಳಾಗಬಹುದು ಎಂದು ಪ್ರವಾದಿ ನೆಲ್ಸನ್ ಪ್ರಕಟಿಸಿದರು. ಗಾರ್ಮೆಂಟ್ಸ್ ಅಕ್ಕನ ದಿನ ಬಂದದ್ದು ಅದರ ನಂತರ. ನನಗೆ ಯಾರು ಸಾಕ್ಷಿ ಎಂದು ಅವರೇ ಹೇಳಿದರು: ಒಂದು ಕಡೆ ನಾನು, ಇನ್ನೊಂದು ಕಡೆ ಅವರ ಸಾಲಿನ ಸಹೋದರಿ. ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮೊದಲ ಸಲ ಮೊಣಕೈ ನೀರಿನ ಮೇಲೆ ಉಳಿಯಿತು. ಇಬ್ಬರೂ ಒಟ್ಟಿಗೇ ತಲೆ ಆಡಿಸಿದೆವು, ಮತ್ತೆ ಮಾಡಿಸಿದರು. ಅಕ್ಕ ಬೇಸರ ಮಾಡಿಕೊಳ್ಳಲಿಲ್ಲ.

ಮರುದಿನ ಭಾನುವಾರ ತಲೆಯ ಮೇಲೆ ಕೈಯಿಟ್ಟು ಪವಿತ್ರಾತ್ಮನ ವರ ಕೊಟ್ಟು ಸಭೆಗೆ ಸೇರಿಸಿಕೊಂಡರು. ಆಮೇಲಿನ ವಾರಗಳಲ್ಲಿ ಪಾಠಗಳನ್ನು ಮೊದಲಿನಿಂದ ಮತ್ತೆ ಮಾಡಿದೆವು. ಹೊಸ ಸದಸ್ಯರಿಗೆ ಹಾಗೆ ಮಾಡುವುದು ಪದ್ಧತಿ, ನನಗಂತೂ ಎರಡನೇ ಸುತ್ತೇ ಹೆಚ್ಚು ಫಲ ಕೊಡುವುದು ಎನ್ನಿಸಿದೆ. ಮೋರ್ಮನ್ ಗ್ರಂಥದ ಮೋಸಾಯ ಪುಸ್ತಕದ 18ನೇ ಅಧ್ಯಾಯದಲ್ಲಿ ಒಬ್ಬರ ಭಾರ ಒಬ್ಬರು ಹೊರಬೇಕು, ಅಳುವವರ ಜೊತೆ ಅಳಬೇಕು ಎಂದು ಬರುವ ಮಾತನ್ನು ನಾನು ಮೊದಲು ಓದಿದಾಗ ಅಕ್ಕ ಸುಮ್ಮನೆ ಹೂಂ ಎಂದಿದ್ದರು. ಈ ಸಲ ನಿಲ್ಲಿಸಿ, ನಮ್ಮ ವಠಾರದಲ್ಲಿ ಒಬ್ಬರು ಬಾಣಂತಿ ಇದ್ದಾರೆ, ನೋಡಿಕೊಳ್ಳುವವರಿಲ್ಲ, ಹೋಗೋಣವಾ ಎಂದರು. ಮೂವರೂ ಹೋದೆವು.

ತೀರಿಹೋದ ಅಮ್ಮನ ಬಗ್ಗೆ ಅಕ್ಕನಿಗಿದ್ದ ಪ್ರಶ್ನೆ ಮಾತ್ರ ಉಳಿದೇ ಇತ್ತು. ತೀರಿಹೋದವರಿಗಾಗಿ ನಮ್ಮ ದೇವಾಲಯದಲ್ಲಿ (ಭಾನುವಾರ ಸೇರುವ ಜಾಗವಲ್ಲ, ಇಂಥ ಪವಿತ್ರ ವಿಧಿಗಳಿಗೆಂದೇ ಇರುವ ಕಟ್ಟಡ) ಬದುಕಿರುವವರು ಅವರ ಪರವಾಗಿ ದೀಕ್ಷಾಸ್ನಾನ ತೆಗೆದುಕೊಳ್ಳುವ ವಿಷಯ ಹೇಳಿದೆ. ಒಪ್ಪುವುದು ಬಿಡುವುದು ಆ ಆತ್ಮಕ್ಕೆ ಬಿಟ್ಟದ್ದು. ಭಾರತದಲ್ಲಿ ಆಗ ನಮ್ಮ ದೇವಾಲಯ ಒಂದೂ ಇರಲಿಲ್ಲ, ಬೆಂಗಳೂರಿಗೆ ಒಂದು ಬರುತ್ತದೆ ಎಂದು 2018ರ ಏಪ್ರಿಲ್‌ನಲ್ಲಿ ಘೋಷಣೆಯಾಗಿತ್ತು. ಆಗಲಿ ಸಿಸ್ಟರ್, ಹೆಸರು ಈಗಲೇ ಬರೆದಿಡೋಣ ಎಂದರು. ಅಮ್ಮನ ಹೆಸರು, ಅಜ್ಜಿಯ ಹೆಸರು ಬರೆದೆವು. ಅಜ್ಜಿಯ ತಾಯಿಯ ಹೆಸರು ಅವರಿಗೆ ಗೊತ್ತಿರಲಿಲ್ಲ, ಊರಿಗೆ ಫೋನ್ ಮಾಡಿ ಚಿಕ್ಕಮ್ಮನನ್ನು ಕೇಳಿದರು.