ಮಿಲಿಟರಿ ಲಾರಿಗೆ ಟ್ರೇಲರ್ ಲೈಟ್: 24 ವೋಲ್ಟನ್ನು 12 ಮಾಡುವುದು ಹೇಗೆ?

ಹರಾಜಿನಲ್ಲಿ ಹಳೆ ಮಿಲಿಟರಿ ಲಾರಿ ಹಿಡಿದವರು ಮೊದಲು ಎಂಜಿನ್ ನೋಡುತ್ತಾರೆ, ಆಮೇಲೆ ಟೈರ್. ವೈರಿಂಗ್ ನೆನಪಾಗುವುದು ಕಬ್ಬಿನ ಟ್ರೇಲರ್ ಹಿಂದೆ ಕಟ್ಟಿದ ದಿನ. ಪ್ಲಗ್ ಚುಚ್ಚಿ ಬ್ರೇಕ್ ತುಳಿದರೆ ಬಲ್ಬ್ ಒಮ್ಮೆ ಬೆಳ್ಳಗೆ ಮಿಂಚಿ ಸುಟ್ಟುಹೋಗುತ್ತದೆ. ಆಳಂದ ಕಡೆಯ ಒಂದು ಗ್ಯಾರೇಜಿನಲ್ಲಿ ಒಂದೇ ಸಂಜೆ ಆರು ಬಲ್ಬ್ ಹೀಗೆ ಹೋದವು. "ಎಲ್ಲಾ ಡೂಪ್ಲಿಕೇಟ್ ಅವ ನೋಡ್ರಿ" ಅಂತ ಮಿಸ್ತ್ರಿ ಬಲ್ಬಿಗೇ ಬೈಯುತ್ತಿದ್ದ. ಪಾಪ, ಬಲ್ಬಿನ ತಪ್ಪೇನಿಲ್ಲ. ಲಾರಿ 24 ವೋಲ್ಟ್, ಟ್ರ್ಯಾಕ್ಟರಿನ ಟ್ರೇಲರ್ 12.

ಟ್ರೇಲರ್ ಈ ಲಾರಿಗೆ ಮಾತ್ರ ಅಂತಾದರೆ ತಲೆಕೆಡಿಸಿಕೊಳ್ಳಬೇಡಿ. 10ರಿಂದ 30 ವೋಲ್ಟ್ ವರೆಗೆ ನಡೆಯುವ ಎಲ್‌ಇಡಿ ಲೈಟ್ ಹಾಕಿ, ಇಲ್ಲವೇ 24 ವೋಲ್ಟ್ ಬಲ್ಬ್ ಹಾಕಿ. ಮುಗಿಯಿತು. ಇವತ್ತು ಲಾರಿಗೆ, ನಾಳೆ ಅಣ್ಣನ ಟ್ರ್ಯಾಕ್ಟರಿಗೆ ಕಟ್ಟುವ ಟ್ರೇಲರ್ ಆದರೆ ಮುಂದೆ ಓದಿ.

ಮೊದಲ ಕೆಲಸ, ಲಾರಿಯ ಹಿಂದಿನ ಲೈಟಿಗೆ ಬರುವ ವೈರ್‌ಗಳನ್ನು ಗುರುತಿಸುವುದು. ಬಣ್ಣ ನಂಬಬೇಡಿ, ಹಳೆ ಗಾಡಿಯಲ್ಲಿ ಧೂಳು ಕೂತು ಎಲ್ಲವೂ ಕಪ್ಪೇ. 24 ವೋಲ್ಟಿನ ಟೆಸ್ಟ್ ಲ್ಯಾಂಪ್ ಹಿಡಿದು ಟೇಲ್, ಬ್ರೇಕ್, ಎಡ, ಬಲ ಅಂತ ಚೀಟಿ ಕಟ್ಟಿ. ಅದಕ್ಕೂ ಮೊದಲು ಲೈಟಿನ ಸ್ವಿಚ್ ನೋಡಿಕೊಳ್ಳಿ. ಮಿಲಿಟರಿ ಗಾಡಿಯಲ್ಲಿ ಬ್ಲ್ಯಾಕೌಟ್ ಸ್ಥಾನ ಅಂತ ಒಂದಿರುತ್ತದೆ, ಶತ್ರುವಿಗೆ ಕಾಣದಂತೆ ಮಾಮೂಲಿ ಲೈಟ್ ಆರಿಸಲು. ಸ್ವಿಚ್ ಅಲ್ಲೇ ನಿಂತಿದ್ದರೆ ವೈರಿನಲ್ಲಿ ಕರೆಂಟೇ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ನಾನೂ ಅರ್ಧ ದಿನ ಕಳೆದಿದ್ದೇನೆ.

(ಗಾಡಿಯ ಹಸಿರು ಬಣ್ಣ ಹಾಗೇ ಬಿಟ್ಟಿದ್ದೀರಾ? ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆ ಆಲಿವ್ ಹಸಿರು ಸೇನೆಗೆ ಮಾತ್ರ. ಮೊದಲು ಪೇಂಟ್ ಮಾಡಿಸಿ.)

ಎಲ್ಲರೂ ಎಡವುವುದು 12 ವೋಲ್ಟ್ ಎಲ್ಲಿಂದ ತೆಗೆಯಬೇಕು ಅನ್ನುವಲ್ಲಿ. ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಸೇರಿ ಕೂತಿರುತ್ತವೆ. "ಒಂದರಿಂದ ವೈರ್ ಎಳೆದರೆ ಆಯ್ತಲ್ವಾ?" ಅಂತ ಹತ್ತರಲ್ಲಿ ಎಂಟು ಮಂದಿ ಕೇಳುತ್ತಾರೆ. ಲೈಟೇನೋ ಉರಿಯುತ್ತದೆ. ಆದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎರಡನ್ನೂ ಸೇರಿಸಿ ಸುಮಾರು 28 ವೋಲ್ಟಿನಲ್ಲಿ ಚಾರ್ಜ್ ಮಾಡುತ್ತದೆ, ಯಾವುದಕ್ಕೆ ಎಷ್ಟು ಅಂತ ಅದು ನೋಡುವುದಿಲ್ಲ. ಲೈಟಿಗೆ ಕೊಟ್ಟು ಸೊರಗಿದ ಬ್ಯಾಟರಿಗೆ 13ರ ಆಸುಪಾಸು ಬಂದರೆ, ಉಳಿದದ್ದೆಲ್ಲ ಇನ್ನೊಂದರ ಪಾಲು. ಒಂದು ಅರ್ಧಹೊಟ್ಟೆಯಲ್ಲಿ ಸಾಯುತ್ತದೆ, ಇನ್ನೊಂದು ಕುದ್ದು ನೀರು ಆರಿ ಸಾಯುತ್ತದೆ. ಸೀಸನ್ ಮುಗಿಯುವುದರೊಳಗೆ ಜೋಡಿ ಬ್ಯಾಟರಿ ಖರ್ಚು.

ಅದಕ್ಕೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಬೇಕು. ಲೆಕ್ಕ ಹಾಕಿ: ಬ್ರೇಕಿಗೆ 21 ವ್ಯಾಟಿನ ಎರಡು, ಇಂಡಿಕೇಟರಿಗೆ 21ರ ಎರಡು, ಟೇಲಿಗೆ 5ರ ಎರಡು, ನಂಬರ್ ಪ್ಲೇಟಿಗೆ 5ರದ್ದು ಒಂದು. ಒಟ್ಟು 99 ವ್ಯಾಟ್, ಅಂದರೆ 8 ಆಂಪಿಯರ್ ದಾಟುತ್ತದೆ. ನಾನು 20 ಆಂಪಿಯರಿಗಿಂತ ಕಡಿಮೆಯ ಕನ್ವರ್ಟರ್ ಹಾಕುವುದಿಲ್ಲ. ಅಗ್ಗದ ಡಬ್ಬಿಯ ಮೇಲೆ 30 ಅಂತ ಬರೆದಿದ್ದರೆ ಅರ್ಧ ನಂಬಿ. ಕೈಗೆತ್ತಿಕೊಂಡರೆ ತೂಕ ಸಿಗಬೇಕು, ಮೈ ಅಲ್ಯೂಮಿನಿಯಂ ಇರಬೇಕು. ನಮ್ಮ ಮೇ ತಿಂಗಳ ಬಿಸಿಲಿಗೆ ಪ್ಲಾಸ್ಟಿಕ್ ಡಬ್ಬಿ ತಡೆಯುವುದಿಲ್ಲ. ಎಂಜಿನ್ ಪಕ್ಕ ಬೇಡ, ಕ್ಯಾಬಿನ್ ಒಳಗೆ ಗಾಳಿ ಆಡುವಲ್ಲಿ ಕೂರಿಸಿ. ಬ್ಯಾಟರಿ ಹತ್ತಿರವೇ ಒಂದು ಫ್ಯೂಸ್.

ಇನ್ನು ನಾಲ್ಕು ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಚಿಕ್ಕ ಸ್ವಿಚ್): ಟೇಲ್, ಬ್ರೇಕ್, ಎಡ, ಬಲ. ಲಾರಿಯ ಲೈಟಿನ ವೈರಿನಿಂದ ಒಂದು ಕವಲು ತೆಗೆದು ರಿಲೇಯಲ್ಲಿ 85 ಅಂತ ಬರೆದ ಕಾಲಿಗೆ ಕೊಡಿ, 86 ಅರ್ಥಿಗೆ, ಅಂದರೆ ಚಾಸಿಗೆ. ಕನ್ವರ್ಟರಿನ 12 ವೋಲ್ಟ್ ಫ್ಯೂಸ್ ಮೂಲಕ 30ಕ್ಕೆ ಬರಲಿ. 87ರಿಂದ ಟ್ರೇಲರ್ ಸಾಕೆಟ್ಟಿಗೆ. ಲಾರಿಯ ಬಲ್ಬ್ ಅಲ್ಲೇ ಇರುವುದರಿಂದ ಫ್ಲಾಷರ್ ಎಂದಿನಂತೆ ಮಿನುಗುತ್ತದೆ. ಅಂಗಡಿಯಲ್ಲಿ ಸುಮ್ನೆ "ರಿಲೇ ಕೊಡಿ" ಅಂದರೆ 12 ವೋಲ್ಟಿನದ್ದು ಕೈಗಿಡುತ್ತಾರೆ. ನಿಮಗೆ ಬೇಕಾದದ್ದು 24 ವೋಲ್ಟ್ ಕಾಯಿಲಿನದು (ಕಾಯಿಲ್ ಅಂದರೆ ರಿಲೇ ಒಳಗಿನ ತಂತಿಯ ಸುರುಳಿ). 12ರ ಕಾಯಿಲಿಗೆ 24 ಕೊಟ್ಟರೆ ಕಾವು ನಾಲ್ಕು ಪಟ್ಟು. ಕೆಲವು ದಿನ ನಡೆದು, ರಾತ್ರಿ ರಸ್ತೆಯಲ್ಲೇ ಕೈಕೊಡುತ್ತದೆ.

ವೈರ್ ತಿರುಚಿ ಟೇಪ್ ಸುತ್ತುವುದು ಬೇಡವೇ ಬೇಡ, ಬೇಸಿಗೆಗೆ ಅಂಟು ಕರಗಿ ಜಾರುತ್ತದೆ. ಬೆಸುಗೆ ಹಾಕಿ, ಮೇಲೆ ಸ್ಲೀವ್ (ವೈರ್ ಮುಚ್ಚುವ ಕೊಳವೆ) ಎಳೆಯಿರಿ.

7 ಪಿನ್ ಸಾಕೆಟ್ಟಿನಲ್ಲಿ 1 ಎಡ ಇಂಡಿಕೇಟರ್, 3 ಅರ್ಥ್, 4 ಬಲ ಇಂಡಿಕೇಟರ್, 5 ಬಲ ಟೇಲ್, 6 ಬ್ರೇಕ್, 7 ಎಡ ಟೇಲ್. ಇದು ರೂಢಿಯ ಕ್ರಮ. ಆದರೆ ಊರ ಮಿಸ್ತ್ರಿ ಕಟ್ಟಿದ ಟ್ರೇಲರಿನಲ್ಲಿ ಅದೇ ಇರುತ್ತದೆ ಅಂತ ನಂಬಬೇಡಿ, ಒಂದೊಂದೇ ಪಿನ್ ನೋಡಿ. ಲಾರಿಯ ಹಳೆ 24 ವೋಲ್ಟ್ ಸಾಕೆಟ್ ಮುಚ್ಚಿ, ಹೊಸದರ ಮೇಲೆ ದೊಡ್ಡದಾಗಿ 12 ಅಂತ ಬರೆಯಿರಿ.

ಟ್ರೇಲರಿನ ಅರ್ಥ್ ಲಾರಿಗೆ ಕಟ್ಟುವ ಕೊಂಡಿಯ ಪಿನ್ನಿನಿಂದಲೇ ಹೋಗುತ್ತದೆ ಅನ್ನುವವರು ಜಾಸ್ತಿ. ಅಲ್ಲಿರುವುದು ತುಕ್ಕು, ಗ್ರೀಸ್, ಮಣ್ಣು. ಬ್ರೇಕ್ ತುಳಿದಾಗ ಇಂಡಿಕೇಟರ್ ಮಂಕಾಗಿ ಮಿನುಗಿದರೆ ಅದು ಅರ್ಥಿನ ಕಾಯಿಲೆಯೇ. 2.5 ಚದರ ಮಿ.ಮೀ. ವೈರ್ ಬೇರೆಯಾಗಿ ಎಳೆದು, ಚಾಸಿಯ ಬಣ್ಣ ಕೆರೆದು, ಲೋಹ ಹೊಳೆದ ಮೇಲೆ ಬೋಲ್ಟ್ ಬಿಗಿ ಮಾಡಿ.

ಕತ್ತಲಾದ ಮೇಲೆ ಒಬ್ಬರನ್ನು ಹಿಂದೆ ನಿಲ್ಲಿಸಿ ಎಲ್ಲ ಲೈಟ್ ಹಚ್ಚಿ. ಅರ್ಧ ಗಂಟೆ ಬಿಟ್ಟು ಕನ್ವರ್ಟರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ದೊಡ್ಡದು ಬೇಕು. ಕಬ್ಬು ತುಂಬಿದ ಮೇಲೆ ಇನ್ನೊಮ್ಮೆ ಹಿಂದೆ ಹೋಗಿ ನೋಡಿ. ಜೋತುಬಿದ್ದ ಸೋಗೆ ಲೈಟಿಗೆ ಅಡ್ಡ ಬಂದಿದ್ದರೆ ಕುಡುಗೋಲು ತೆಗೆದುಕೊಂಡು ಕತ್ತರಿಸಿಯೇ ಗೇರ್ ಹಾಕಿ.