ದೋಣಿಗೆ ಮುಂಚೆ ಜಾಕೆಟ್: ಕಯಾಕ್ ಸಾಮಾನು ಕೊಳ್ಳುವ ಕ್ರಮ

ಕಾರಂಜಾ ಹಿನ್ನೀರಿನಲ್ಲೋ ನಾರಾಯಣಪುರದ ಬಸವಸಾಗರದಲ್ಲೋ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ) ಇಳಿಸುವ ಆಸೆಯಿಂದ ಹೊರಡುವವರು ಸಾಮಾನ್ಯವಾಗಿ ಇದ್ದ ದುಡ್ಡನ್ನೆಲ್ಲ ದೋಣಿಗೆ ಸುರಿಯುತ್ತಾರೆ. ಉಳಿದ ಚಿಲ್ಲರೆಯಲ್ಲಿ ಕಿತ್ತಳೆ ಬಣ್ಣದ ಒಂದು ಲೈಫ್ ಜಾಕೆಟ್ ಬರುತ್ತದೆ. ಇದು ತಿರುವುಮುರುವು ಲೆಕ್ಕ. ಕಯಾಕ್ ಮಗುಚುವುದು ಮಾಮೂಲು. ಮಗುಚಿದ ಮೇಲೆ ಕೆಲಸಕ್ಕೆ ಬರುವುದು ಮೈಮೇಲೆ ತೊಟ್ಟದ್ದು ಮಾತ್ರ. ಮೊದಲು ಜಾಕೆಟ್, ಆಮೇಲೆ ಹುಟ್ಟು, ಕೊನೆಗೆ ದೋಣಿ. ದುಡ್ಡು ಸಾಲದಿದ್ದರೆ ದೋಣಿಯನ್ನು ಮುಂದಿನ ವರ್ಷಕ್ಕೆ ಬಿಡಿ.

ಇಲ್ಲಿ ಹೇಳುವುದೆಲ್ಲ ನಿಂತ ನೀರಿಗೆ. ಭೀಮಾ ನದಿಯ ಬ್ರಿಜ್ ಕಂ ಬ್ಯಾರೇಜ್‌ಗಳ ಕೆಳಗೆ, ಅಣೆಕಟ್ಟಿನ ಗೇಟುಗಳ ಆಚೀಚೆ ಯಾವ ಸಾಮಾನೂ ಕಾಯುವುದಿಲ್ಲ. ಅಲ್ಲಿ ಬೀಳುವ ನೀರು ಸುಳಿದು ಮತ್ತೆ ಗೋಡೆಯ ಕಡೆಗೇ ಎಳೆಯುತ್ತದೆ. ಕೃಷ್ಣೆಯಲ್ಲಿ ಮೊಸಳೆಗಳಿವೆ, ದಡದ ಮೀನುಗಾರರನ್ನು ಕೇಳದೆ ಇಳಿಯಬೇಡಿ. ಜಲಾಶಯವಾದರೆ ನೀರಾವರಿ ನಿಗಮದ, ಚಿಂಚೋಳಿಯ ಕಾಡಿನೊಳಗಿನ ಚಂದ್ರಂಪಳ್ಳಿ ಜಲಾಶಯವಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಮೊದಲೇ ಪಡೆಯಿರಿ.

ಜಾಕೆಟ್

ಒಳಗಿನ ಚೀಟಿ ಓದಿ. ಅದರ ಮೇಲೆ ನ್ಯೂಟನ್ ಲೆಕ್ಕದಲ್ಲಿ ಒಂದು ಅಂಕಿ ಇರುತ್ತದೆ. 10 ನ್ಯೂಟನ್ ಎಂದರೆ ಸುಮಾರು ಒಂದು ಕಿಲೋ ಭಾರವನ್ನು ಎತ್ತಿ ಹಿಡಿಯುವ ಶಕ್ತಿ. ಈಜು ಬಲ್ಲವರು ದಡದ ಹತ್ತಿರ ಹುಟ್ಟು ಹಾಕಲು 50 ನ್ಯೂಟನ್ ಸಾಕು. ಈಜು ಬಾರದವರಿಗೆ ಕಾಲರ್ ಇರುವ 100 ನ್ಯೂಟನ್‌ನದೇ ಬೇಕು. 50ರದ್ದು ತೇಲಿಸುತ್ತದೆ, ಆದರೆ ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವುದಿಲ್ಲ. ಅಂಕಿಯಾಗಲಿ, ಎಷ್ಟು ತೂಕದವರಿಗೆ ಎಂಬುದಾಗಲಿ ಬರೆದಿರದ ಜಾಕೆಟ್ ಎಷ್ಟೇ ಅಗ್ಗವಾಗಿದ್ದರೂ ಬೇಡ. 'ಫ್ರೀ ಸೈಜ್' ಎಂದು ಮಾರುವುದೂ ಬೇಡ.

ಅಗ್ಗದವುಗಳಲ್ಲಿ ತೆಳು ನೈಲಾನ್ ಒಳಗೆ ಥರ್ಮಾಕೋಲ್ ಹಲಗೆ ತುರುಕಿರುತ್ತಾರೆ. ಹಿಂಡಿದರೆ ಗೊತ್ತಾಗುತ್ತದೆ: ಫೋಮ್ ಮೆತ್ತಗೆ ಒಳಗೆ ಹೋಗಿ ಮರಳುತ್ತದೆ, ಥರ್ಮಾಕೋಲ್ ಕರಕರ ಎನ್ನುತ್ತದೆ. ಯಾರಾದರೂ ಅದರ ಮೇಲೆ ನಾಲ್ಕು ಸಲ ಕೂತರೆ ಹಲಗೆ ಮುರಿದು ಕಾಳುಕಾಳಾಗುತ್ತದೆ. ಊದಿ ತೊಡುವ ಈಜುಕೊಳದ ಜಾಕೆಟ್, ತೋಳಿನ ಬಲೂನು ಆಟದ ಸಾಮಾನು.

ತೊಡುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಜಾಕೆಟ್ ಹಾಕಿದ ಕೂಡಲೇ ಭುಜದ ಪಟ್ಟಿ ಎಳೆದು ಬಿಗಿ ಮಾಡುತ್ತಾರೆ. ಆಗ ಇಡೀ ಜಾಕೆಟ್ ಮೇಲಕ್ಕೆ ಸರಿದು ಸೊಂಟದ ಪಟ್ಟಿ ಪಕ್ಕೆಲುಬಿನ ಮೇಲೆ ಕೂರುತ್ತದೆ. ನೀರಿಗೆ ಬಿದ್ದಾಗ ಜಾಕೆಟ್ ಕಿವಿಯವರೆಗೆ ಏರುತ್ತದೆ, ಮನುಷ್ಯ ಕೆಳಗೇ ಉಳಿಯುತ್ತಾನೆ. ಸರಿಯಾದ ಕ್ರಮ ಇದು: ಎಲ್ಲ ಪಟ್ಟಿ ಸಡಿಲಿಸಿ ತೊಟ್ಟು ಜಿಪ್ ಹಾಕಿ. ಸೊಂಟದ ಪಟ್ಟಿಯನ್ನು ಮೊದಲು, ಪಕ್ಕೆಲುಬಿಗಿಂತ ಕೆಳಗೆ ಬಿಗಿಯಿರಿ. ನಂತರ ಪಕ್ಕದವು, ಕಡೆಗೆ ಭುಜದವು. ಪೂರ್ತಿ ಉಸಿರು ಎಳೆಯಲು ಬರಬೇಕು, ಪಟ್ಟಿಯಡಿ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು.

ಈಗ ಜೊತೆಯವರಿಗೆ ಎರಡೂ ಭುಜದ ಪಟ್ಟಿ ಹಿಡಿದು ಜೋರಾಗಿ ಮೇಲಕ್ಕೆ ಎತ್ತಲು ಹೇಳಿ. ಜಾಕೆಟ್ಟಿನ ಕೊರಳು ಗದ್ದ ದಾಟಿದರೆ ಅಳತೆ ದೊಡ್ಡದು. ಆಮೇಲೆ ಗೋಡೆಗೆ ಒರಗಿ ಕಾಲು ಚಾಚಿ ಕುಳಿತು ಒಂದು ಕೋಲು ಹಿಡಿದು ಹುಟ್ಟು ಹಾಕುವಂತೆ ತೋಳು ಆಡಿಸಿ. ಕಂಕುಳು ಉಜ್ಜಿದರೆ, ಎದೆಯ ಅಂಚು ಗದ್ದಕ್ಕೆ ಬಡಿದರೆ ಅದು ಮೋಟರ್ ದೋಣಿಯಲ್ಲಿ ಸುಮ್ಮನೆ ಕೂರುವವರ ಜಾಕೆಟ್. ಬೆನ್ನಿನ ಫೋಮ್ ಕೆಳತನಕ ಇದ್ದರೆ ಕಯಾಕ್‌ನ ಸೀಟಿಗೆ ತಾಗಿ ಜಾಕೆಟನ್ನು ಮೇಲಕ್ಕೆ ನೂಕುತ್ತದೆ. ಬೆನ್ನಿನ ಕೆಳಭಾಗದಲ್ಲಿ ಬರೀ ಜಾಲರಿ ಇರುವುದನ್ನೇ ಆರಿಸಿ. ಕೊನೆಯ ಪರೀಕ್ಷೆ ಎದೆಮಟ್ಟದ ನೀರಿನಲ್ಲಿ: ಕಾಲೆತ್ತಿ ಮೈ ಸಡಿಲ ಬಿಟ್ಟಾಗ ಬಾಯಿ ನೀರಿಗಿಂತ ಮೇಲಿರಬೇಕು.

ಮಕ್ಕಳಿಗೆ ಶಾಲೆಯ ಯೂನಿಫಾರ್ಮ್ ಕೊಂಡಂತೆ 'ಮುಂದಿನ ವರ್ಷಕ್ಕೂ ಬರಲಿ' ಎಂದು ದೊಡ್ಡದು ತರಬೇಡಿ, ಮಗು ಅದರೊಳಗಿಂದ ಜಾರಿಹೋಗುತ್ತದೆ. ಕಾಲುಗಳ ನಡುವೆ ಹಾಯುವ ಪಟ್ಟಿ, ತಲೆಗೆ ಆಸರೆಯಾಗುವ ಕಾಲರ್, ಕೊರಳ ಹಿಂದೆ ಎತ್ತಿಕೊಳ್ಳಲು ಹಿಡಿ, ಮೂರೂ ಇರಲೇಬೇಕು.

ಹುಟ್ಟು

ಉದ್ದವನ್ನು ದೋಣಿಯ ಅಗಲ ನಿರ್ಧರಿಸುತ್ತದೆ. 60 ಸೆಂ.ಮೀ. ಒಳಗಿನ ದೋಣಿಗೆ 210–220 ಸೆಂ.ಮೀ., 75–80 ಸೆಂ.ಮೀ. ಅಗಲದ್ದಕ್ಕೆ 230–240. ಗಿಡ್ಡವಾದರೆ ಗೆಣ್ಣು ದೋಣಿಯ ಅಂಚಿಗೆ ಬಡಿಯುತ್ತದೆ, ಉದ್ದವಾದರೆ ದೋಣಿ ಹಾವಿನಂತೆ ಹೊರಳುತ್ತದೆ. ತೂಕ ಒಂದು ಕಿಲೋ ದಾಟದಿರಲಿ. ನಿಮಿಷಕ್ಕೆ 30 ಸಲ ಎಂದರೂ ಗಂಟೆಗೆ 1,800 ಸಲ ಅದನ್ನು ಎತ್ತಬೇಕು. ಅಲ್ಯೂಮಿನಿಯಂ ಹಿಡಿ ನಮ್ಮ ಬಿಸಿಲಿಗೆ ಕಾದ ತವೆಯಂತಾಗುತ್ತದೆ, ಫೈಬರ್‌ಗ್ಲಾಸ್‌ನದೇ ಕೊಳ್ಳಿ. ಅಲ್ಯೂಮಿನಿಯಂ ಈಗಾಗಲೇ ಇದ್ದರೆ ಕ್ರಿಕೆಟ್ ಬ್ಯಾಟಿನ ಗ್ರಿಪ್ ಸುತ್ತಿ. ನಡುವಿನ ಕೀಲು ತಿರುಚಿದಾಗ ಲಟಲಟ ಎಂದರೆ ಬೇಡ. ಆ ಕೀಲಿಗೆ ಎಣ್ಣೆ, ಗ್ರೀಸ್ ಹಚ್ಚಬಾರದು. ಮರಳು ಅಂಟಿ ಕಚ್ಚಿಕೊಳ್ಳುತ್ತದೆ. ತೊಳೆದರೆ ಸಾಕು. ಹಿಡಿಯುವಾಗ ಅಲಗಿನ ಗುಳಿ ನಿಮ್ಮ ಕಡೆಗೆ, ಉದ್ದನೆಯ ಅಂಚು ಮೇಲಕ್ಕೆ.

ದೋಣಿ

ಹೊಸಬರಿಗೆ ಮೇಲೆ ಕೂರುವ, ಸುಮಾರು 3 ಮೀಟರಿನ ದೋಣಿ ಸಾಕು. ಮಗುಚಿದರೆ ಮತ್ತೆ ಹತ್ತಬಹುದು. ಒಳಗೆ ಕೂರುವ ದೋಣಿಯಲ್ಲಿ, ಮಗುಚಿದಾಗ ನೀರೊಳಗಿಂದ ಹೊರಬರುವುದನ್ನು ಕಲಿಸುವವರಿದ್ದರೆ ಮಾತ್ರ ಕೂರಿ. ಮೇಲೆ ಕೂರುವ ದೋಣಿಯ ತಳದ ತೂತುಗಳು ನೀರು ಹರಿದುಹೋಗಲು ಇರುವಂಥವು. ಸೋರುತ್ತಿದೆ ಎಂದು ಎಂ-ಸೀಲ್ ಹಚ್ಚಬೇಡಿ. ಹೊರುವ ಮಿತಿ ಎಂದು ಬರೆದದ್ದರ ಶೇ 70ನ್ನು ಮಾತ್ರ ನಂಬಿ: 75 ಕಿಲೋದ ವ್ಯಕ್ತಿ, 10 ಕಿಲೋ ಸಾಮಾನು ಎಂದರೆ ಕನಿಷ್ಠ 122 ಕಿಲೋ ಮಿತಿಯ ದೋಣಿ ಬೇಕು. ಗಟ್ಟಿ ಪ್ಲಾಸ್ಟಿಕ್ ದೋಣಿಯನ್ನು ಕಾರಿನ ಮೇಲೆ ಬೋರಲಾಗಿ ಕಟ್ಟಿ. ತಳ ಕೆಳಗಾಗಿ ಕಟ್ಟಿದರೆ ಮೇ ಬಿಸಿಲಿನಲ್ಲಿ ಹಗ್ಗ ಬಿಗಿದಷ್ಟೂ ತಳ ತಗ್ಗು ಬೀಳುತ್ತದೆ.

ಗಾಳಿ ತುಂಬುವ ಕಯಾಕ್ ಬಸ್ಸಿನಲ್ಲೂ ಒಯ್ಯಬಹುದೆಂದು ಬಹಳ ಜನರಿಗೆ ಇಷ್ಟ. ಆದರೆ ನಮ್ಮ ಕೆರೆ, ಹಳ್ಳಗಳ ದಡದ ತುಂಬ ಬಳ್ಳಾರಿ ಜಾಲಿ. ಅದರ ಮುಳ್ಳು ತೆಳು ಪ್ಲಾಸ್ಟಿಕ್ಕನ್ನು ಬಿಡುವುದಿಲ್ಲ. ತಳಕ್ಕೆ ದಪ್ಪ ಪಿವಿಸಿ ಹೊದಿಕೆ, ಕನಿಷ್ಠ ಮೂರು ಬೇರೆ ಬೇರೆ ಗಾಳಿ ಕೋಣೆ ಇರಬೇಕು. ದಪ್ಪ ತಾಡಪತ್ರಿ ಹಾಸಿ ಅದರ ಮೇಲೆ ಊದಿ. ದಡದ ಬಿಸಿಲಿನಲ್ಲಿ ಪೂರ್ತಿ ತುಂಬಿದರೆ ಗಾಳಿ ಹಿಗ್ಗಿ ಹೊಲಿಗೆ ಬಿಚ್ಚುತ್ತದೆ. ತುಸು ಕಡಿಮೆ ತುಂಬಿ, ನೀರಿಗಿಳಿಸಿ, ತಣ್ಣಗಾಗಿ ಮೆತ್ತಗಾದ ಮೇಲೆ ಉಳಿದದ್ದು ತುಂಬಿ. ಎಷ್ಟು ಎಂಬುದು ದೋಣಿಯ ಮೇಲೆ ಬರೆದಿರುತ್ತದೆ, ಲಾರಿ ಟೈರಿನ ಕಂಪ್ರೆಸರ್ ಹಚ್ಚಬೇಡಿ. ಸೈಕಲ್ ಪಂಕ್ಚರಿನ ಸೊಲ್ಯೂಷನ್ ಪಿವಿಸಿಗೆ ಸರಿಯಾಗಿ ಹಿಡಿಯುವುದಿಲ್ಲ, ಪಿವಿಸಿ ಅಂಟು ಮತ್ತು ತೇಪೆ ಜೊತೆಗಿರಲಿ.

ಉಳಿದವು

ಜಾಕೆಟ್ಟಿಗೆ ಕಟ್ಟಿದ ಪ್ಲಾಸ್ಟಿಕ್ ಸೀಟಿ. ತೇಲುವ 15 ಮೀಟರ್ ಹಗ್ಗ. ದಾರವಿರುವ ಟೋಪಿ, ತುಂಬುತೋಳಿನ ತೆಳು ಪಾಲಿಯೆಸ್ಟರ್ ಅಂಗಿ; ಜೀನ್ಸ್ ಬೇಡ. ಹಿಮ್ಮಡಿ ಪಟ್ಟಿಯ ಸ್ಯಾಂಡಲ್. ಹವಾಯಿ ಚಪ್ಪಲಿ ಕೆಸರಿನಲ್ಲೇ ಉಳಿಯುತ್ತದೆ. ಗಂಟೆಗೆ ಮುಕ್ಕಾಲು ಲೀಟರಿನಂತೆ ಕುಡಿಯುವ ನೀರು, ಎರಡು ಓಆರ್‌ಎಸ್ ಪೊಟ್ಟಣ. ಮೊಬೈಲಿನ ಚೀಲದೊಳಗೆ ಟಿಶ್ಯೂ ಕಾಗದ ಹಾಕಿ ಅರ್ಧ ಗಂಟೆ ಬಕೆಟ್ಟಿನಲ್ಲಿ ಮುಳುಗಿಸಿಟ್ಟು ನೋಡಿ, ಆಮೇಲೆ ಮೊಬೈಲ್ ಹಾಕಿ. ಬಾಯಿ ಸುತ್ತುವ ಡ್ರೈ ಬ್ಯಾಗನ್ನು ಗಾಳಿ ಹಿಂಡಿ ಕನಿಷ್ಠ ಮೂರು ಸುತ್ತು ಮಡಚಿದರೆ ಮಾತ್ರ ನೀರು ಒಳಗೆ ಹೋಗುವುದಿಲ್ಲ.

ಮನೆಗೆ ಬಂದ ಮೇಲೆ ಜಾಕೆಟ್ಟನ್ನು ಒಳ್ಳೆಯ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಮಾಳಿಗೆಯ ಬಿಸಿಲಿನಲ್ಲಿ ಬಿಟ್ಟರೆ ಬಣ್ಣದ ಜೊತೆ ಬಟ್ಟೆಯ ಗಟ್ಟಿತನವೂ ಹೋಗುತ್ತದೆ. ಮಳೆಗಾಲ ಮುಗಿದು ಮತ್ತೆ ಹೊರಡುವ ಮುಂಚೆ ಫೋಮ್ ಒತ್ತಿ ನೋಡಿ. ಒತ್ತಿದ ಗುಳಿ ಹಾಗೇ ಉಳಿದರೆ ಜಾಕೆಟ್ಟಿನ ಪಟ್ಟಿಗಳನ್ನು ಕತ್ತರಿಸಿಯೇ ಎಸೆಯಿರಿ, ಮತ್ತೊಬ್ಬರು ಎತ್ತಿಕೊಂಡು ತೊಡುವಂತಾಗಬಾರದು.