ಹಂಡೆ ನೀರು ಯಾವ ನೋವಿಗೆ ಬೇಕು, ಯಾವುದಕ್ಕೆ ಬೇಡ?

ಡಿಸೆಂಬರ್ ಬಂತೆಂದರೆ ಚಿಕ್ಕಮಗಳೂರಿನ ತೋಟಗಳಲ್ಲಿ ಅರೇಬಿಕಾ ಕೊಯ್ಲು ಜೋರು. ಅದು ಮುಗಿಯುತ್ತಿದ್ದಂತೆ ರೋಬಸ್ಟಾ, ಆಮೇಲೆ ಮೆಣಸು. ದಿನವಿಡೀ ಕತ್ತು ಎತ್ತಿ, ಕೊಂಬೆ ಬಗ್ಗಿಸಿ ಹಣ್ಣು ಕುಯ್ದು, ಸಂಜೆ ಮೂಟೆ ಹೊತ್ತು ಬಂದವರ ಬಾಯಲ್ಲಿ ಒಂದೇ ಮಾತು: ‘ಮೈಕೈಯೆಲ್ಲ ನೋವು.’ ಮದ್ದೂ ಒಂದೇ. ಬಚ್ಚಲಿನ ಹಂಡೆ ನೀರು.

ಆ ನೀರನ್ನು ನಾನು ಬೈಯುತ್ತಿಲ್ಲ. ಆದರೆ ಒಮ್ಮೆ ಮೆಣಸಿನ ಏಣಿಯ ಕೊನೆಯ ಮೆಟ್ಟಿಲು ತಪ್ಪಿ ಕಾಲು ಉಳುಕಿತು. ಅದೇ ನೀರನ್ನು ಬಿಸಿಬಿಸಿಯಾಗಿ ಹೊಯ್ದುಕೊಂಡು ಮಲಗಿದೆ. ಬೆಳಗ್ಗೆ ಚಪ್ಪಲಿಯೊಳಗೆ ಕಾಲು ತೂರಲಿಲ್ಲ, ಅಷ್ಟು ಊದಿತ್ತು.

ಮೊದಲು ನೋಡಬೇಕಾದ್ದು: ದಣಿವೋ, ಪೆಟ್ಟೋ?

ನೋವು ಯಾವಾಗ ಶುರುವಾಯಿತು ಅಂತ ನೆನಪು ಮಾಡಿಕೊಳ್ಳಿ. ಕೆಲಸದ ದಿನ ಏನೂ ಇಲ್ಲ, ಮರುದಿನ ಎದ್ದಾಗ ಎರಡೂ ರಟ್ಟೆ, ಎರಡೂ ತೊಡೆ ಬಿಗಿದಿವೆ ಅಂದರೆ ಅದು ದಣಿವಿನ ನೋವು. ರೂಢಿ ತಪ್ಪಿದ ಕೆಲಸ ಮಾಡಿದಾಗ ಸ್ನಾಯುವಿನ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಏಟು ಬಿದ್ದಿರುತ್ತದೆ. ಒಂದರಿಂದ ಮೂರು ದಿನ ಜಾಸ್ತಿ ನೋಯುತ್ತದೆ, ವಾರದೊಳಗೆ ತಾನೇ ಇಳಿಯುತ್ತದೆ. ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ ಅನ್ನುವವರಿದ್ದಾರೆ. ಅದು ಕೆಲಸ ನಿಲ್ಲಿಸಿದ ಒಂದೆರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ. ಇನ್ನೊಂದು ಮಜಾ ನೋಡಿ: ದಿಣ್ಣೆ ಹತ್ತಿದ್ದಕ್ಕಿಂತ ಮೂಟೆ ಹೊತ್ತು ಇಳಿದದ್ದೇ ತೊಡೆಗೆ ಹೆಚ್ಚು ನೋವು ಕೊಡುತ್ತದೆ. ಇಳಿಯುವಾಗ ಸ್ನಾಯು ಉದ್ದಕ್ಕೆ ಎಳೆದುಕೊಂಡೇ ಭಾರ ತಡೆಯಬೇಕಲ್ಲ.

‘ಕಟಕ್’ ಅಂದ ಕ್ಷಣದಿಂದಲೇ, ಒಂದೇ ಜಾಗದಲ್ಲಿ ನೋವು. ಜೊತೆಗೆ ಊತ, ಚರ್ಮ ನೀಲಿಗಟ್ಟುವುದು ಇದ್ದರೆ ಅದು ಪೆಟ್ಟು. ಇಲ್ಲಿಂದ ದಾರಿ ಎರಡಾಗುತ್ತದೆ.

ದಣಿವಿಗೆ ಬಿಸಿ

ಹಂಡೆಗೆ ಒಂದು ಹಿಡಿ ಲಕ್ಕಿ ಸೊಪ್ಪು ಹಾಕಿ ಕುದಿಸಿ, ಮೈಗೆ ಹಿತವಾಗುವಷ್ಟು ಬೆರಕೆ ಮಾಡಿ ಸ್ನಾನ ಮಾಡಿ. ಸೊಪ್ಪು ಸಿಗದಿದ್ದರೆ ಪೇಚಾಡಬೇಡಿ. ನನ್ನ ಲೆಕ್ಕದಲ್ಲಿ ಮುಕ್ಕಾಲು ಕೆಲಸ ಬಿಸಿಯದ್ದೇ.

ಸೊಂಟಕ್ಕೆ, ಬೆನ್ನಿಗೆ ಉಪ್ಪಿನ ಶಾಖ ಒಳ್ಳೆಯದು. ಎರಡು ಹಿಡಿ ಕಲ್ಲುಪ್ಪನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ. ಮೊದಲು ನಿಮ್ಮ ಮುಂಗೈಗೆ ತಾಗಿಸಿ ನೋಡಿ. ತಡೆಯುವಂತಿದ್ದರೆ 15 ನಿಮಿಷ ಒತ್ತಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಪಾದಕ್ಕೆ ಶಾಖ ಬೇಡ. ಸುಟ್ಟದ್ದೂ ಗೊತ್ತಾಗುವುದಿಲ್ಲ.

ಎಣ್ಣೆ ತಿಕ್ಕುವುದಾದರೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಒಲೆಯಿಂದ ಇಳಿಸಿದ ಮೇಲೆಯೇ ಕರ್ಪೂರ ಹಾಕಿ. ಒಲೆ ಮೇಲೆ ಹಾಕಿದರೆ ಬೆಂಕಿ ಹತ್ತೀತು. ಗಾಯದ ಮೇಲೆ, ಚಿಕ್ಕ ಮಕ್ಕಳಿಗೆ ಈ ಎಣ್ಣೆ ಬೇಡವೇ ಬೇಡ. ಹೊಟ್ಟೆಗೆ ಹೋದರೆ ಕರ್ಪೂರ ವಿಷ. ಮರುದಿನ ಸುಮ್ನೆ ಬಿದ್ದುಕೊಳ್ಳುವುದಕ್ಕಿಂತ ಅಂಗಳದಲ್ಲಿ ನಾಲ್ಕು ಸುತ್ತು ಓಡಾಡಿ.

ಪೆಟ್ಟಿಗೆ ತಣ್ಣೀರು

ಮೊದಲ ಎರಡು ದಿನ ಬಿಸಿ ಬೇಡ, ತಿಕ್ಕುವುದು ಬೇಡ, ಹೆಂಡವೂ ಬೇಡ. ಊತ ಏರಿಸಲು ಈ ಮೂರೂ ಸಾಕು. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ. ಎರಡು ಮೂರು ಗಂಟೆಗೊಮ್ಮೆ ಹೀಗೆ ಮಾಡಿ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಫ್ರಿಜ್ ಎಲ್ಲಿ ಬರಬೇಕು ಅಂತೀರಾ? ಮಲೆನಾಡಿನ ಬಾವಿ ನೀರು ಸಾಕು. ಟವೆಲ್ ಅದ್ದಿ ಸುತ್ತಿ, ಬೆಚ್ಚಗಾದ ಹಾಗೆ ಬದಲಿಸಿ. ಕ್ರೇಪ್ ಬ್ಯಾಂಡೇಜನ್ನು ಪಾದದ ಕಡೆಯಿಂದ ಮೇಲಕ್ಕೆ ಸುತ್ತಿ, ಬೆರಳು ತಣ್ಣಗಾದರೆ ಅಥವಾ ಜೋಮು ಹಿಡಿದರೆ ಸಡಿಲಿಸಿ. ಮಲಗುವಾಗ ಕಾಲ ಕೆಳಗೆ ಎರಡು ದಿಂಬು.

ಉಳುಕು ತೆಗೆಯುವವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಸೊಂಟ ಹಿಡಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವ ನಂಬಿಕೆಯೂ ಉಂಟು. ಒದ್ದವರಿಗೇನೋ ಖುಷಿ! ಎಲುಬು ಬಿರುಕು ಬಿಟ್ಟಿದ್ದರೆ ಎಳೆದಷ್ಟೂ ಕೆಡುತ್ತದೆ. ಒಂದು ಸುಲಭ ಪರೀಕ್ಷೆ: ಉಳುಕಿದ ಕಾಲೂರಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಮೊದಲು ಎಕ್ಸ್‌ರೇ.

ಕತ್ತಿ ತಾಗಿದರೆ

ಕಾಫಿ ನಾಡಲ್ಲವೇ, ರಕ್ತ ಬಂದ ಕೂಡಲೇ ಕಾಫಿಪುಡಿ ಒತ್ತುತ್ತಾರೆ. ಸುಣ್ಣ, ಹೊಗೆಸೊಪ್ಪು ಹಾಕುವವರೂ ಇದ್ದಾರೆ. ಯಾವುದೂ ಬೇಡ. ಕೊಳೆ ಒಳಗೇ ಉಳಿದು ಕೀವಾಗುತ್ತದೆ. ಐದು ನಿಮಿಷ ಹರಿಯುವ ಶುದ್ಧ ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ರಕ್ತ ಜೋರಾಗಿದ್ದರೆ ತೊಳೆಯುತ್ತಾ ನಿಲ್ಲಬೇಡಿ, ಮೊದಲು ಒತ್ತಿ. ನಿಂತಿತಾ ಅಂತ ಮಧ್ಯೆ ಮಧ್ಯೆ ಎತ್ತಿ ನೋಡಬೇಡಿ. ಮಣ್ಣು, ಗೊಬ್ಬರ ತಾಗಿದ ಗಾಯವಾಗಿದ್ದು, ಹಿಂದಿನ ಟಿಟಿ ಇಂಜೆಕ್ಷನ್ ಆಗಿ ಐದು ವರ್ಷ ದಾಟಿದ್ದರೆ ಮತ್ತೆ ಹಾಕಿಸಿಕೊಳ್ಳಿ. ಇಂಬಳ (ಜಿಗಣೆ) ಕಚ್ಚಿದ ಜಾಗದಿಂದ ರಕ್ತ ಸೋರುತ್ತಲೇ ಇದ್ದರೆ ಗಾಬರಿಯಾಗಬೇಡಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಒತ್ತಿ ಹಿಡಿದರೆ ನಿಲ್ಲುತ್ತದೆ.

ಮನೆಮದ್ದು ಬಿಟ್ಟು ಓಡಬೇಕಾದಾಗ

ವಿಪರೀತ ದುಡಿದ ಮೇಲೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಿ. ಏಟು ತಿಂದ ಸ್ನಾಯುವಿನ ಕಸ ಮೂತ್ರಪಿಂಡಕ್ಕೆ ಹೊರೆಯಾಗಿರಬಹುದು. ಬೆನ್ನುನೋವಿನ ಜೊತೆ ಕಾಲು ಸೋತರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೂ ಕಾಯಬೇಡಿ. ಎದೆ ಹಿಂಡಿದಂತಾಗಿ ಎಡರಟ್ಟೆಗೋ ದವಡೆಗೋ ನೋವು ಹರಿದು, ತಣ್ಣನೆ ಬೆವರು ಬಂದರೆ ಅದನ್ನು ಮೂಟೆ ಹೊತ್ತ ನೋವು ಅಂದುಕೊಂಡು ಎಣ್ಣೆ ತಿಕ್ಕುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ. ತೋಟದ ಒಳದಾರಿಗೆ ಗಾಡಿ ಬರುವುದು ಕಷ್ಟ ಅನ್ನಿಸಿದರೆ, ನಡೆಸದೆ ಜೀಪಿನಲ್ಲಿ ಕೂರಿಸಿಕೊಂಡು ಟಾರ್ ರಸ್ತೆವರೆಗೆ ಎದುರು ಹೋಗಿ.